ಎಂಟು ತೂತಿನ ಪೆಟ್ಟಿಗೆ

ಅಂಬುಜಮ್ಮನವರಿಗೆ ಮನೆಯಲ್ಲಿ ಯಾವ ವಸ್ತುವೂ ಅನಾಥವಾಗಿ ಬಿದ್ದಿರಬಾರದು. ಡಬ್ಬಿಗೆ ಮುಚ್ಚಳ, ಸೂಜಿಗೆ ದಾರ, ಮೊಳೆಗೆ ಕ್ಯಾಲೆಂಡರ್ ಇರಲೇಬೇಕು. ಹಾಗಾಗಿ ಆ ಶನಿವಾರ ಬೆಳಿಗ್ಗೆ ಸೋಫಾದ ಕೆಳಗೆ ಪೊರಕೆ ಆಡಿಸುವಾಗ ನೀಲಿ ವೈರಿನ ಒಂದು ತುದಿ ಹೊರಗೆ ಬಂದದ್ದೇ ತಡ, ಅದಕ್ಕೊಂದು ನೆಲೆ ಹುಡುಕತೊಡಗಿದರು. ಟೀವಿ ಸ್ಟ್ಯಾಂಡಿನ ಮೇಲೆ ಗಂಡ ತಂದಿಟ್ಟಿದ್ದ, ನೆಟ್ ಹಂಚುವ ಹೊಸ ಪೆಟ್ಟಿಗೆಯಲ್ಲಿ ಎಂಟು ತೂತುಗಳಿದ್ದವು. ಏಳಕ್ಕೆ ವೈರು ಸಿಕ್ಕಿಸಿತ್ತು, ಎಂಟನೆಯದು ಬಾಯಿ ತೆರೆದುಕೊಂಡು ಕೂತಿತ್ತು. ಅಂಬುಜಮ್ಮ ತುದಿಯನ್ನು ಆ ಬಾಯಿಗೆ ಇಟ್ಟರು. ಟಿಕ್ ಎಂದಿತು. ಅವರು ಸಮಾಧಾನದಿಂದ ಪೊರಕೆ ಎತ್ತಿಕೊಂಡು ಅಡುಗೆಮನೆಗೆ ಹೋದರು.

ಅವರ ಪತಿ ದೊರೆಸ್ವಾಮಿ ಆಗ ಬಚ್ಚಲಲ್ಲಿ ಹಾಡಿಕೊಳ್ಳುತ್ತಿದ್ದರು. ಹಾಡಲು ಕಾರಣವಿತ್ತು. ಕಚ್ಚಾ ಎಣ್ಣೆ ಬೆಲೆ ಬಿದ್ದು ಎರಡನೆಯ ವರ್ಷ ನಡೆಯುತ್ತಿತ್ತು. ಮಸ್ಕತ್ತಿನಲ್ಲಿ ಇಬ್ಬರು ಭಾರತೀಯರು ಭೇಟಿಯಾದರೆ ‘ಹೇಗಿದ್ದೀರಿ’ ಎನ್ನುವ ಬದಲು ‘ಇನ್ನೂ ಇದ್ದೀರಾ’ ಎಂದು ಕೇಳುವ ಕಾಲ. ದೊರೆಸ್ವಾಮಿ ನಕ್ಷೆ ಬರೆಯುತ್ತಿದ್ದ, ನೀರಿನ ಪೈಪು ಹಾಕುವ ಕಂಪನಿಯ ರುಸೈಲ್ ಆಫೀಸಿನಲ್ಲಿ ಹದಿನೇಳು ಮೇಜುಗಳಿದ್ದವು. ಈಗ ಐದಕ್ಕೆ ಮಾತ್ರ ಕುರ್ಚಿ. ಗುರುವಾರ ಮಂಗಳೂರು ಕಡೆಯ ಮ್ಯಾನೇಜರ್ ಆದಂ ಆ ಐವರನ್ನೂ ಕರೆದು, ಆಫೀಸಿಗೆ ಬಾಡಿಗೆ ಕಟ್ಟುವುದು ಇನ್ನು ಸಾಧ್ಯವಿಲ್ಲ ಎಂದಿದ್ದರು.

“ಇನ್ನು ಮನೆಯಿಂದಲೇ ಕೆಲಸ. ಆದ್ರೆ ವೈಫೈ ಗಿಫೈ ನಡೆಯುವುದಿಲ್ಲ, ಆಯ್ತಾ? ನಮ್ಮ ನಕ್ಷೆ ಅದರಲ್ಲಿ ಅರ್ಧ ದಾರಿಗೆ ನಿಲ್ತದೆ. ವೈರಿನ ನೆಟ್ಟೇ ಬೇಕು. ಕಂಪ್ಯೂಟರು, ದೊಡ್ಡ ಪ್ರಿಂಟರು ಎರಡೂ ಅದರಲ್ಲಿ ಓಡಬೇಕು. ದೊರೆಸ್ವಾಮಿ, ನಿಮ್ಮ ಮನೆಗೆ ಶನಿವಾರ ಐದಕ್ಕೆ ಬರ್ತೇನೆ. ಓಡಿದ್ರೆ ನೀವು ಇರ್ತೀರಿ. ಓಡದಿದ್ರೆ ಖಲಾಸ್, ಊರಿಗೆ ಟಿಕೆಟ್.”

ಟಿಕೆಟ್ ಎಂದರೆ ಮೈಸೂರು. ಮೈಸೂರು ಎಂದರೆ ದೊರೆಸ್ವಾಮಿಗೆ ಪ್ರಾಣವೇ. ಆದರೆ ಮಗಳು ಖುಷಿ ಹತ್ತನೇ ಕ್ಲಾಸು. ನಡುವರ್ಷದಲ್ಲಿ ಅವಳನ್ನು ಶಾಲೆಯಿಂದ ಬಿಡಿಸಿಕೊಂಡು, ಐವತ್ತರ ವಯಸ್ಸಿನಲ್ಲಿ ಅಲ್ಲಿ ಹೋಗಿ ಕೆಲಸ ಹುಡುಕುವುದನ್ನು ನೆನೆದರೇ ಅವರಿಗೆ ಬಾಯಿ ಒಣಗುತ್ತಿತ್ತು. ಇನ್ನೊಂದು ಕಡೆ, ಮನೆಯಿಂದ ಕೆಲಸ! ಹದಿನಾಲ್ಕು ವರ್ಷದಿಂದ ಅವರು ರುಸೈಲಿನ ಬಿಸಿಲಲ್ಲಿ ತಣ್ಣಗಾದ ಚಿತ್ರಾನ್ನ ತಿಂದಿದ್ದರು. ಇನ್ನು ಮೇಲೆ ಪಂಚೆಯುಟ್ಟು ನಕ್ಷೆ ಬರೆಯಬಹುದು, ಹನ್ನೊಂದಕ್ಕೆ ಬಿಸಿ ಕಾಫಿ, ಒಂದಕ್ಕೆ ಬಿಸಿ ಸಾರು, ಒಂದೂವರೆಗೆ ಹತ್ತು ನಿಮಿಷ ಕಣ್ಣು ಮುಚ್ಚುವ ಸುಖ. ಈ ಸುಖದ ಎದುರಿಗೆ ಇದ್ದದ್ದು ಒಂದೇ ಪರೀಕ್ಷೆ. ಅದಕ್ಕೂ ಅವರು ಶುಕ್ರವಾರವಿಡೀ ತಯಾರಿ ಮಾಡಿ, ರಾತ್ರಿ ಎಲ್ಲವೂ ಸರಿಯಾಗಿ ಓಡಿದ್ದನ್ನು ಕಣ್ಣಾರೆ ನೋಡಿ ಮಲಗಿದ್ದರು.

ಸ್ನಾನ ಮುಗಿಸಿ ಬಂದ ದೊರೆಸ್ವಾಮಿ ಪೆಟ್ಟಿಗೆಯತ್ತ ನೋಡಿದರು. ಹಿಂದಿನ ದಿನ ಆಗೊಮ್ಮೆ ಈಗೊಮ್ಮೆ ಮಿನುಗುತ್ತಿದ್ದ ಹಸಿರು ದೀಪಗಳು ಈಗ ಎಂಟಕ್ಕೆ ಎಂಟೂ ಒಟ್ಟಿಗೇ ಪಟಪಟನೆ ಉರಿದು ಆರುತ್ತಿದ್ದವು.

“ಅಂಬುಜ, ಬಾರೇ ಇಲ್ಲಿ! ಹೆಂಗೆ ಓಡ್ತಿದೆ ನೋಡು! ನಿನ್ನೆಗಿಂತ ಜೋರು!”

“ಮದುವೆ ಮನೆ ಇದ್ದಂಗಿದೆ ಕಣ್ರೀ,” ಎಂದು ಅಂಬುಜಮ್ಮನೂ ಮೆಚ್ಚಿಕೊಂಡರು.

ಆಗ ಒಳಗಿನ ಕೋಣೆಯಿಂದ ಖುಷಿ ಕೂಗಿದಳು. “ಅಪ್ಪಾ, ನೆಟ್ ಈಸ್ ಡೆಡ್! ಕಂಪ್ಲೀಟ್ಲಿ!”

ದೊರೆಸ್ವಾಮಿ ಆಫೀಸಿನ ಕಂಪ್ಯೂಟರಿನತ್ತ ಹಾರಿದರು. ಅದರಲ್ಲೂ ನೆಟ್ ಸತ್ತಿತ್ತು. ಅರ್ಧ ಸೋಫಾ ಆಕ್ರಮಿಸಿಕೊಂಡಿದ್ದ ದೊಡ್ಡ ಪ್ರಿಂಟರು ಕಂಪ್ಯೂಟರಿನ ಗುರುತೇ ಇಲ್ಲವೆಂಬಂತೆ ಕೂತಿತ್ತು. ಮೇಲಿನ ಮಹಡಿಯಲ್ಲಿ ಬಾಗಿಲು ಢಣ್ಣೆಂದಿತು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಕೇಳಿಸಿತು.

ಇಲ್ಲಿ ಒಂದು ಮಾತು ಹೇಳಬೇಕು. ಮಸ್ಕತ್ತಿನ ಅಲ್ ಮವಾಲೇಹ್ ಬಡಾವಣೆಯ ಆ ಕಟ್ಟಡದಲ್ಲಿ ಇಂಟರ್ನೆಟ್ಟು ಮೊಸರಿನ ಹೆಪ್ಪಿದ್ದಂತೆ, ಒಂದು ಮನೆಯಲ್ಲಿದ್ದರೆ ಸಾಕು, ಮೂರು ಮನೆಗೆ ಆಗುತ್ತಿತ್ತು. ನೆಟ್ ಇದ್ದದ್ದು ದೊರೆಸ್ವಾಮಿಯ ಹೆಸರಿನಲ್ಲಿ. ಗೋಡೆಯ ಏಸಿ ತೂತಿನಿಂದ ಒಂದು ವೈರು ಮೇಲೆ ಸೇಸಪ್ಪನ ಮನೆಗೆ ಏರುತ್ತಿತ್ತು, ಬಾಲ್ಕನಿಯಿಂದ ಇನ್ನೊಂದು ಪಕ್ಕದ ಕ್ಯಾಸ್ಮಿರ್ ಮನೆಗೆ ದಾಟುತ್ತಿತ್ತು. ಸೇಸಪ್ಪ ಪುತ್ತೂರಿನ ಕಡೆಯವನು, ವಾಹನಗಳ ಬಿಡಿಭಾಗದ ಅಂಗಡಿಯಲ್ಲಿ ಕೆಲಸ. ನೆಟ್ಟಿಗೆ ಬದಲಾಗಿ ಪ್ರತಿ ಶುಕ್ರವಾರ ಮಾರ್ಕೆಟ್ಟಿನಿಂದ ಒಂದು ಡಬ್ಬ ತರಕಾರಿ ತಂದುಕೊಡುತ್ತಿದ್ದ. ಮಂಗಳೂರಿನ ಕ್ಯಾಸ್ಮಿರ್ ಹಡಗಿನ ಎಲೆಕ್ಟ್ರಿಷಿಯನ್ ಆಗಿದ್ದು, ಆಮೇಲೆ ಇಲ್ಲಿ ಸೇರಿದ್ದ ಕಂಪನಿ ಜನವರಿಯಲ್ಲಿ ಮುಚ್ಚಿದ ಮೇಲೆ ಮನೆಯಲ್ಲೇ ಇದ್ದ. ಅವನು ಬದಲಿಗೆ ಸಲಹೆ ಕೊಡುತ್ತಿದ್ದ.

“ಎಂತ ದೊರೆಸ್ವಾಮಿಗಳೇ!” ಸೇಸಪ್ಪ ಏದುಸಿರು ಬಿಡುತ್ತಾ ಒಳಗೆ ಬಂದ. “ಕಂಬಳದ ವಿಡಿಯೋ ನೋಡ್ತಾ ಇದ್ದೆ ಮಾರಾಯ್ರೆ. ಕೋಣ ಅರ್ಧ ಗದ್ದೆಯಲ್ಲಿ ಕಾಲೆತ್ತಿದ್ದು ಎತ್ತಿದ ಹಾಗೇ ನಿಂತಿತು!”

“ಕೋಣ ಹಾಳಾಗ್ಲಿ ಸೇಸಪ್ಪ, ಐದು ಗಂಟೆಗೆ ಆದಂ ಸಾಹೇಬ್ರು ಬರ್ತಾರೆ! ನೆಟ್ ಇಲ್ಲ ಅಂದ್ರೆ ನನ್ನ ಕೆಲಸ ಹೋಯ್ತು!”

ಸೇಸಪ್ಪನ ಮುಖ ಗಂಭೀರವಾಯಿತು. ಅವನ ಕಣ್ಣಲ್ಲಿ ಆ ಕ್ಷಣ ಒಂದು ಉತ್ಸಾಹವೂ ಹೊಳೆಯಿತು. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ; ಎಷ್ಟೆಂದರೂ ರಜಾದಿನ, ಮಾಡಲು ಬೇರೇನೂ ಇರಲಿಲ್ಲ. “ಹೆದರ್ಬೇಡಿ. ನಾವು ಇದ್ದೇವಲ್ಲ. ಕ್ಯಾಸ್ಮಿರಣ್ಣನನ್ನು ಕರೀತೇನೆ,” ಎಂದ.

ಕ್ಯಾಸ್ಮಿರನನ್ನು ಕರೆಯಬೇಕಾಗಿರಲಿಲ್ಲ. ಅವನು ಟೆಸ್ಟರ್ ಜೇಬಿಗೆ ಸಿಕ್ಕಿಸಿಕೊಂಡು ಬಾಗಿಲಲ್ಲೇ ನಿಂತಿದ್ದ. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಡಾಕ್ಟರರಂತೆ ಕಣ್ಣು ಮುಚ್ಚಿದ.

“ಹೀಟ್. ಇದು ಹೀಟಿನದ್ದೇ ಪ್ರಾಬ್ಲೆಮ್. ಹಡಗಿನಲ್ಲಿ ಇಪ್ಪತ್ತು ವರ್ಷ ನೋಡಿದ್ದೇನೆ ನಾನು.”

“ಹಡಗಲ್ಲಿ ನೆಟ್ ಇತ್ತೇನ್ರೀ ಆಗ?” ದೊರೆಸ್ವಾಮಿ ಕೇಳಿದರು.

“ನೆಟ್ ಇರ್ಲಿಲ್ಲ. ಹೀಟ್ ಇತ್ತು.”

ಏಸಿಯನ್ನು ಹದಿನಾರಕ್ಕೆ ಇಳಿಸಿದರು. ದೀಪಗಳು ಹಾಗೇ ಪಟಪಟ ಎನ್ನುತ್ತಿದ್ದವು. ಅರ್ಧ ಗಂಟೆಯ ಮೇಲೆ ಕ್ಯಾಸ್ಮಿರ್, ಇದು ಮಾಮೂಲಿ ಹೀಟ್ ಅಲ್ಲ, ಒಳಗಿನ ಹೀಟ್, ಫ್ರಿಜ್ಜಿನಲ್ಲೇ ಇಡಬೇಕು ಎಂದು ತೀರ್ಪು ಕೊಟ್ಟ. ಪೆಟ್ಟಿಗೆಯ ವೈರುಗಳು ಫ್ರಿಜ್ಜಿನವರೆಗೆ ಸಾಲಲಿಲ್ಲ. ಹಾಗಾದರೆ ಫ್ರಿಜ್ಜನ್ನೇ ಪೆಟ್ಟಿಗೆಯ ಹತ್ತಿರ ತರೋಣ ಎಂದು ಸೇಸಪ್ಪ ತೋಳು ಮಡಚಿದ. ಗಂಡಸರು ಮೂವರೂ “ಯಲ್ಲಾ, ಯಲ್ಲಾ” ಎಂದು ಕೂಗುತ್ತಾ ಫ್ರಿಜ್ಜನ್ನು ನಡುಮನೆಗೆ ತಳ್ಳಿದರು. ದಾರಿಯಲ್ಲಿ ಅದರ ಬಾಗಿಲು ತೆರೆದುಕೊಂಡು ಎರಡು ನಿಂಬೆಹಣ್ಣು, ಒಂದು ಉಪ್ಪಿನಕಾಯಿ ಬಾಟಲು ಹೊರಗೆ ಬಂದವು.

“ಮೊಸರಿನ ಪಕ್ಕ ಇಡಬೇಡಿ ಅದನ್ನ, ಹೇಳಿದೀನಿ!” ಅಂಬುಜಮ್ಮ ಎಚ್ಚರಿಸಿದರು. “ಮೇಲಿನ ತಟ್ಟೇಲಿ ಇಡಿ, ಹಾಲಿನ ಪಕ್ಕ.”

ಪೆಟ್ಟಿಗೆ ಹಾಲಿನ ಪಕ್ಕ ಕೂತಿತು. ಬಾಗಿಲ ಸಂದಿಯಿಂದ ಎಂಟು ನೀಲಿ ವೈರುಗಳು ನೇತಾಡಿದವು. ಎಲ್ಲರೂ ಸಂದಿಯಲ್ಲಿ ಇಣುಕಿದರು. ಚಳಿಯಲ್ಲಿ ಕೂತು ಪೆಟ್ಟಿಗೆ ಇನ್ನೂ ಉತ್ಸಾಹದಿಂದ ಮಿನುಗುತ್ತಿತ್ತು. ಖುಷಿ ಬಂದು ನೋಡಿ, ಹಣೆ ಚಚ್ಚಿಕೊಂಡು, “ಅನ್‌ಬಿಲೀವಬಲ್!” ಎಂದು ಹೇಳಿ, ನೆಟ್ ಇರುವ ಗೆಳತಿಯ ಮನೆಗೆ ಹೋಗಿಬಿಟ್ಟಳು.

ಗಂಟೆ ಎರಡಾಯಿತು. ಪಂಚೆಯುಟ್ಟು ಬಿಸಿ ಸಾರು ಉಣ್ಣುವ ಮೊದಲ ದಿನವೇ ದೊರೆಸ್ವಾಮಿಗೆ ಊಟ ಸೇರಲಿಲ್ಲ. ಕ್ಯಾಸ್ಮಿರ್ ಮಾತ್ರ ಎರಡು ಸಲ ಬಡಿಸಿಕೊಂಡು, ಕೈ ತೊಳೆದು, “ಈಗ ಒಂದೇ ದಾರಿ. ಎಲ್ಲಾ ವೈರು ತೆಗೆದು ಪುನಃ ಹಾಕುವುದು,” ಎಂದ.

ಪೆಟ್ಟಿಗೆಯನ್ನು ಹೊರತೆಗೆದು ಎಂಟೂ ವೈರು ಕಿತ್ತರು. ಮಿನುಗು ನಿಂತಿತು. ಒಂದು ನಿಮಿಷ ಕಾದು ಎಂಟನ್ನೂ ಮತ್ತೆ ಸಿಕ್ಕಿಸಿದರು. ಕ್ಯಾಸ್ಮಿರ್ ಪ್ರತಿಯೊಂದನ್ನೂ ಗಟ್ಟಿಯಾಗಿ ಒತ್ತಿ, ಒಂದೂ ಹೊರಗೆ ಉಳಿದಿಲ್ಲವೆಂದು ಬೆರಳಿಟ್ಟು ಎಣಿಸಿದ. ಎಂಟು ದೀಪಗಳೂ ಮೊದಲಿನಂತೆ ಹುಚ್ಚೆದ್ದವು. ಇದೇ ಕೆಲಸವನ್ನು ಅವರು ನಾಲ್ಕು ಸಲ ಮಾಡಿದರು. ನಾಲ್ಕು ಸಲವೂ ಕ್ಯಾಸ್ಮಿರ್ ಎಂಟೂ ವೈರನ್ನು ಎಣಿಸಿಯೇ ಹಾಕಿದ.

“ಇದರಲ್ಲಿ ನಮ್ಮ ಮನೆಯ ವೈರು ಯಾವುದು?” ಸೇಸಪ್ಪ ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಎಲ್ಲವೂ ಒಂದೇ ಸುರುಳಿಯಿಂದ ಕತ್ತರಿಸಿದ ನೀಲಿ ವೈರುಗಳು. “ಹಾಗಾದ್ರೆ ನಾನು ಮೇಲಿಂದ ಎಳೀತೇನೆ. ಯಾವುದು ಅಲ್ಲಾಡ್ತದೆ ಅಂತ ನೀವು ನೋಡಿ, ಆಯ್ತಾ?”

ಬೇಡ ಎನ್ನುವಷ್ಟರಲ್ಲಿ ಅವನು ಮೆಟ್ಟಿಲು ಹತ್ತಿಯಾಗಿತ್ತು. ಸೇಸಪ್ಪ ಯಾವ ಕೆಲಸವನ್ನೂ ಅರ್ಧ ಮನಸ್ಸಿನಿಂದ ಮಾಡುವವನಲ್ಲ. ಕಂಬಳದ ಕೋಣದ ಹಗ್ಗವೆಂಬಂತೆ ಎಳೆದ. ಪೆಟ್ಟಿಗೆ ಸ್ಟ್ಯಾಂಡಿನಿಂದ ಜಿಗಿದು, ಗೋಡೆಯುದ್ದಕ್ಕೂ ಏರಿ, ಏಸಿಯ ತೂತಿಗೆ ಸಿಕ್ಕಿಕೊಂಡು, ಉಳಿದ ವೈರುಗಳನ್ನು ಜಡೆಯಂತೆ ಇಳಿಬಿಟ್ಟು ನೇತಾಡಿತು. “ಅಲ್ಲಾಡಿತಾ?” ಎಂದು ಮೇಲಿಂದ ಕೂಗು ಕೇಳಿಸಿತು.

ದೊರೆಸ್ವಾಮಿ ಸ್ಟೂಲು ಹತ್ತಿ ಪೆಟ್ಟಿಗೆಯನ್ನು ಬಿಡಿಸಿಕೊಂಡು ಎದೆಗೆ ಒತ್ತಿ ಇಳಿದರು. ಅವರ ಕಣ್ಣು ತುಂಬಿ ಬಂದಿತ್ತು. ಗಂಟೆ ನಾಲ್ಕೂ ಕಾಲು. ಹದಿನಾಲ್ಕು ವರ್ಷದ ಕೆಲಸ ಇನ್ನು ಮುಕ್ಕಾಲು ಗಂಟೆಯಲ್ಲಿ ಹೋಗುತ್ತದೆ ಎಂದು ಅವರಿಗೆ ನಿಜವಾಗಿಯೂ ಭಯವಾಯಿತು. ಆ ಭಯದಲ್ಲೇ ಒಂದು ಯೋಚನೆ ಹೊಳೆಯಿತು. ಸೇಸಪ್ಪ ಎಳೆದದ್ದು ದಡ್ಡತನವೇ ಇರಬಹುದು, ಆದರೆ ಅವನ ವೈರು ಯಾವುದೆಂದು ಗೊತ್ತಾಯಿತಲ್ಲ! ಇಪ್ಪತ್ತೈದು ವರ್ಷ ನೆಲದ ಕೆಳಗಿನ ಪೈಪುಗಳ ನಕ್ಷೆ ಬರೆದವನಿಗೆ ಮನೆಯೊಳಗಿನ ಎಂಟು ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತವೆಂದು ತಿಳಿಯಬಾರದೇ?

“ಯಾರೂ ಏನೂ ಮುಟ್ಟಬೇಡಿ!” ಎಂದು ಅವರು ಗರ್ಜಿಸಿದರು. ಆ ಮನೆಯಲ್ಲಿ ಅಂಥ ಗರ್ಜನೆ ಕೇಳಿಬಂದದ್ದು ಅದೇ ಮೊದಲು. ಕ್ಯಾಸ್ಮಿರ್ ಎರಡು ಹೆಜ್ಜೆ ಹಿಂದೆ ಸರಿದ.

ಪೆಟ್ಟಿಗೆಯನ್ನು ಸ್ಟ್ಯಾಂಡಿನ ಮೇಲಿಟ್ಟು, ಪಂಚೆ ಮೇಲೆ ಕಟ್ಟಿಕೊಂಡು, ಒಂದೊಂದೇ ವೈರನ್ನು ಬೆರಳಲ್ಲಿ ಹಿಡಿದು ಹೊರಟರು. ಒಂದು ವೈರು ನೆಟ್ ಕಂಪನಿಯ ಡಬ್ಬಿಗೆ ಹೋಗಿ ಸೇರಿತು, ಸರಿ. ಎರಡನೆಯದು ಸೇಸಪ್ಪನದು. ಮೂರನೆಯದರ ಹಿಂದೆ ಬಾಲ್ಕನಿಗೆ ಹೋಗಿ, ಕಟಕಟೆಯ ಮೇಲೆ ಬಗ್ಗಿ, ಕ್ಯಾಸ್ಮಿರನ ಕಿಟಕಿಯಲ್ಲಿ ತಲೆ ತೂರಿಸಿ ಬಂದರು. ನಾಲ್ಕನೆಯದು ಖುಷಿಯ ಮೇಜಿಗೆ. ಐದು ಕಂಪ್ಯೂಟರಿಗೆ, ಆರು ಪ್ರಿಂಟರಿಗೆ. ಏಳನೆಯದನ್ನು ಹಿಡಿದಾಗ ಅವರು ನಾಲ್ಕು ಕಾಲಲ್ಲಿ ನಡೆಯುತ್ತಿದ್ದರು. ಅದು ಫ್ರಿಜ್ಜಿನ ಹಿಂದೆ ಹೋಯಿತು, ಅಡುಗೆಮನೆಗೆ ನುಗ್ಗಿತು, ಗ್ಯಾಸ್ ಸಿಲಿಂಡರನ್ನು ಒಂದು ಸುತ್ತು ಹಾಕಿತು. ದೊರೆಸ್ವಾಮಿಯೂ ಹಾಕಿದರು. ಮತ್ತೆ ಅದು ನಡುಮನೆಗೆ ಹೊರಳಿ, ಗೋಡೆಯ ಬುಡದಲ್ಲೇ ಹರಿದು, ಸೋಫಾದ ಕೆಳಗೆ ತೂರಿತು. ದೊರೆಸ್ವಾಮಿಯೂ ತೂರಿದರು. ಆಚೆ ಬದಿಯಲ್ಲಿ ತಲೆ ಹೊರಹಾಕಿದಾಗ ವೈರಿನ ಮೇಲೆ ಮಿರಮಿರ ಮಿಂಚುವ ಎರಡು ಕರಿಯ ಬೂಟುಗಳಿದ್ದವು.

ಬೂಟುಗಳ ಒಳಗೆ ಮ್ಯಾನೇಜರ್ ಆದಂ ನಿಂತಿದ್ದರು. ಇಪ್ಪತ್ತು ನಿಮಿಷ ಮೊದಲೇ ಬಂದಿದ್ದರು. ನಡುಮನೆಯ ಮಧ್ಯದಲ್ಲಿದ್ದ ಫ್ರಿಜ್ಜನ್ನೂ ನೆಲದ ಮೇಲಿದ್ದ ನಿಂಬೆಹಣ್ಣನ್ನೂ ನೋಡಿ ಮುಗಿಸಿ, ಈಗ ಕೆಳಗೆ ನೋಡುತ್ತಿದ್ದರು.

“ಎಂತ ದೊರೆಸ್ವಾಮಿ, ಎಲ್ಲಿಂದ ಬಂದದ್ದು ನೀವು?”

ಬೇರೆ ದಿನವಾಗಿದ್ದರೆ ದೊರೆಸ್ವಾಮಿ ನಾಚಿಕೆಯಿಂದ ನೆಲಕ್ಕಿಳಿದುಬಿಡುತ್ತಿದ್ದರು. ಆಗ ಅವರ ಬೆರಳು ವೈರಿನ ಮೇಲಿತ್ತು. “ಸರ್, ಸ್ವಲ್ಪ ಕಾಲೆತ್ತಿ,” ಎಂದರು.

ಆದಂ ಕಾಲೆತ್ತಿದರು. ವೈರು ಬೂಟನ್ನು ದಾಟಿ, ಟೀವಿ ಸ್ಟ್ಯಾಂಡನ್ನು ಏರಿ, ಎಲ್ಲಿಂದ ಹೊರಟಿತ್ತೋ ಅದೇ ಪೆಟ್ಟಿಗೆಯ ಎಂಟನೇ ತೂತಿಗೆ ಹೋಗಿ ಸೇರಿತ್ತು.

ಶುಕ್ರವಾರ ಅಡುಗೆಮನೆಯ ಮೂಲೆಯಲ್ಲಿ ಕಂಪ್ಯೂಟರ್ ಇಡಬೇಕೆಂದು ದೊರೆಸ್ವಾಮಿ ಈ ವೈರು ಎಳೆದಿದ್ದರು. ಸಾಸಿವೆ ಡಬ್ಬಿಯ ಪಕ್ಕ ಕಂಪ್ಯೂಟರು ಬೇಡವೆಂದು ಅಂಬುಜಮ್ಮ ಹೇಳಿದ್ದರಿಂದ, ಮುಂದೆಂದಾದರೂ ಬೇಕಾದೀತೆಂದು ಅದರ ತುದಿಯನ್ನು ತಂದು ಸೋಫಾದ ಕೆಳಗೆ ಬಿಟ್ಟಿದ್ದರು. ಈಗ ಪೆಟ್ಟಿಗೆ ಒಂದು ತೂತಿನಿಂದ ಕಳಿಸಿದ ಸುದ್ದಿ ಇನ್ನೊಂದು ತೂತಿನಿಂದ ವಾಪಸು ಬರುತ್ತಿತ್ತು. ಪೆಟ್ಟಿಗೆ ಅದನ್ನು ಹೊಸ ಸುದ್ದಿಯೆಂದು ನಂಬಿ ಎಲ್ಲರಿಗೂ ಹಂಚುತ್ತಿತ್ತು. ಅದು ಮತ್ತೆ ತಿರುಗಿ ಬರುತ್ತಿತ್ತು. ತನ್ನದೇ ಗಾಳಿಸುದ್ದಿಯನ್ನು ತಾನೇ ಕೇಳಿ ಹೌಹಾರುತ್ತಿದ್ದ ಪೆಟ್ಟಿಗೆಗೆ ನಿಜವಾದ ಕೆಲಸಕ್ಕೆ ಪುರುಸೊತ್ತೇ ಇರಲಿಲ್ಲ.

ದೊರೆಸ್ವಾಮಿ ಆ ವೈರಿನ ಎರಡೂ ತುದಿಗಳನ್ನು ಕಿತ್ತರು. ದೀಪಗಳು ಒಮ್ಮೆ ತಡೆದು, ಆಮೇಲೆ ಒಂದೊಂದಾಗಿ, ನಿಧಾನವಾಗಿ, ತಮ್ಮತಮ್ಮ ಪಾಡಿಗೆ ಮಿನುಗತೊಡಗಿದವು.

“ಬಂತು! ಕೋಣ ಓಡಿತು!” ಎಂದು ಮೇಲಿನ ಮಹಡಿ ಅದುರುವಂತೆ ಸೇಸಪ್ಪ ಕೂಗಿದ.

“ನಾನು ಹೇಳ್ಲಿಲ್ವಾ, ವೈರು ತೆಗೀಬೇಕು ಅಂತ?” ಎಂದ ಕ್ಯಾಸ್ಮಿರ್.

“ಇದನ್ನ ಇಲ್ಲಿ ಸಿಕ್ಕಿಸಿದ್ಯಾರು?” ದೊರೆಸ್ವಾಮಿ ಕೇಳಿದರು.

ಕಾಫಿ ತಟ್ಟೆ ಹಿಡಿದು ಬರುತ್ತಿದ್ದ ಅಂಬುಜಮ್ಮ, “ನಾನೇ. ಖಾಲಿ ಇತ್ತು, ಹಾಕಿದೆ. ಹಾಕಬಾರದು ಅಂದ್ರೆ ಒಂದು ಮಾತು ಹೇಳೋದಲ್ವೇನ್ರೀ?” ಎಂದರು. ಮೊದಲ ಲೋಟವನ್ನು ಆದಂ ಕೈಗೆ ಕೊಟ್ಟರು.

ಪರೀಕ್ಷೆ ಶುರುವಾಯಿತು. ಆದಂ ಕುರ್ಚಿ ಎಳೆದುಕೊಂಡು, ಕಂಪನಿಯ ಅತಿ ಭಾರದ ನಕ್ಷೆಯನ್ನು ಇಳಿಸಲು ಹೇಳಿ ಗಡಿಯಾರ ನೋಡಿದರು. ದೊರೆಸ್ವಾಮಿ ಗುಂಡಿ ಒತ್ತಿ, ಪಂಚೆಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಮೂವತ್ತೆಂಟು ಸೆಕೆಂಡಿನಲ್ಲಿ ನಕ್ಷೆ ಪೂರ್ತಿ ಪರದೆಯ ಮೇಲಿತ್ತು. ದೊಡ್ಡ ಪ್ರಿಂಟರು ಗುರುಗುಟ್ಟಿ, ಸೀರೆ ಬಿಚ್ಚಿದ ಹಾಗೆ ಉದ್ದನೆಯ ಹಾಳೆಯನ್ನು ಹೊರಬಿಟ್ಟಿತು.

“ಮಾಶಾಅಲ್ಲಾ!” ಆದಂ ಎದ್ದು ನಿಂತರು. “ನಾಲ್ಕು ಮನೆ ನೋಡಿ ಬಂದೆ ದೊರೆಸ್ವಾಮಿ. ಒಬ್ಬನ ಮನೆಯಲ್ಲಿ ವೈಫೈ, ಇನ್ನೊಬ್ಬನ ಮನೆಯಲ್ಲಿ ನೆಟ್ಟೇ ಇಲ್ಲ. ಮತ್ತೆರಡು ಮನೆಯಲ್ಲಿ ಆಗ್ತದೆ ಆಗ್ತದೆ ಅಂತ ಬರೀ ಬಾಯಿಮಾತು. ಇಷ್ಟು ವೈರು, ಇಷ್ಟು ಸ್ಪೀಡು ಇರುವುದು ಇಡೀ ಕಂಪನಿಗೆ ನಿಮ್ಮ ಮನೆಯಲ್ಲಿ ಮಾತ್ರ.”

“ಹಾಗಾದ್ರೆ ಸರ್... ನನ್ನ ಕೆಲಸ?”

“ಗಟ್ಟಿ! ಯಾರೂ ನಿಮ್ಮನ್ನು ಅಲ್ಲಾಡಿಸುವ ಹಾಗಿಲ್ಲ.”

ಸೇಸಪ್ಪ ಕೆಳಗೆ ಓಡಿ ಬಂದು ದೊರೆಸ್ವಾಮಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಅಂಬುಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ದೊರೆಸ್ವಾಮಿಗೆ ಮೈಯೆಲ್ಲ ಹಗುರವಾಯಿತು. ಬಿಸಿ ಸಾರಿನ ಪರಿಮಳ ಈಗಲೇ ಮೂಗಿಗೆ ಬಂದಂತಾಯಿತು.

ಆದಂ ಪೆಟ್ಟಿಗೆಯ ಹತ್ತಿರ ಬಗ್ಗಿ ತೂತುಗಳನ್ನು ಎಣಿಸುತ್ತಿದ್ದರು. “ಎರಡು ಈಗ ಖಾಲಿ ಆಯ್ತು. ಪ್ರಿಂಟರಿನದ್ದು ಹಾಗೇ ಇರ್ಲಿ, ಕಂಪ್ಯೂಟರಿನದ್ದು ಒಂದು ಉಂಟು. ಮಗಳದ್ದು ಹಗಲು ಹೊತ್ತು ಬೇಡ, ಅವಳು ಶಾಲೆಯಲ್ಲಿ ಇರ್ತಾಳೆ. ಸರಿ ಆಯ್ತು, ನಾಲ್ಕು ಜನಕ್ಕೆ ಸರಿಯಾಗ್ತದೆ.”

“ನಾಲ್ಕು ಜನ ಯಾರು ಸರ್?”

“ನಮ್ಮ ಆಫೀಸು ಮಾರಾಯ್ರೆ! ಉಳಿದ ನಾಲ್ಕು ಜನರ ಮನೆಯಲ್ಲಿ ಆಗುವುದಿಲ್ಲ ಅಂತ ಹೇಳ್ಲಿಲ್ವಾ? ಹಾಗಂತ ಮನೆಗೆ ಕಳಿಸ್ಲಿಕ್ಕೆ ಆಗ್ತದಾ, ಪಾಪ, ಮಕ್ಕಳೊಂದಿಗರು. ನಾಳೆ ಆದಿತ್ಯವಾರ, ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಇಲ್ಲಿಗೇ ಬರ್ತಾರೆ. ಸೋಫಾ ಆ ಕಡೆ ತಳ್ಳಿದ್ರೆ ಮೇಜು ಹಿಡಿಸ್ತದೆ. ಫ್ರಿಜ್ಜು ಹೇಗೂ ಇಲ್ಲೇ ತಂದಿಟ್ಟಿದ್ದೀರಿ, ಒಳ್ಳೆಯದಾಯ್ತು, ತಣ್ಣೀರಿಗೆ ಏಳಬೇಕಂತ ಇಲ್ಲ.”

ದೊರೆಸ್ವಾಮಿ ಹೆಂಡತಿಯ ಮುಖ ನೋಡಲು ಧೈರ್ಯ ಸಾಲದೆ ಪ್ರಿಂಟರಿನ ಮುಖ ನೋಡಿದರು. ಆದರೂ ಕೆಲಸ ಉಳಿಯಿತಲ್ಲ, ಮನೆಯಲ್ಲೇ ಇರುವೆನಲ್ಲ, ನಾಲ್ಕು ಜನ ಬಂದರೆ ಬರಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡರು.

“ಆಗ್ಲಿ ಸರ್. ನನ್ನ ಮೇಜು ಕಿಟಕಿ ಹತ್ರ ಹಾಕ್ಕೋತೀನಿ.”

“ನಿಮಗೆ ಎಂತಕ್ಕೆ ಮೇಜು?” ಆದಂ ಅವರ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು. “ನಿಜ್ವಾ ಅಂತ ಊರು ಉಂಟಲ್ಲ, ಅಲ್ಲಿ ನಮಗೊಂದು ಕೆಲಸ ಸಿಕ್ಕಿದೆ. ಹಳೇ ಬಡಾವಣೆ, ನೆಲದ ಅಡಿಯ ನೀರಿನ ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಒಬ್ಬರಿಗೂ ಗೊತ್ತಿಲ್ಲ. ನಕ್ಷೆ ಕಳೆದುಹೋಗಿದೆ. ಒಬ್ಬ ಮನುಷ್ಯ ದಿನಾ ಹೋಗಿ ಪೈಪಿನ ಹಿಂದೆಯೇ ನಡೆದು ಹುಡುಕಬೇಕು. ಯಾರನ್ನು ಕಳಿಸುವುದು ಅಂತ ತಲೆಕೆಡಿಸಿಕೊಂಡಿದ್ದೆ. ಈಗ ನೋಡಿದೆನಲ್ಲ ನಿಮ್ಮನ್ನು! ಸೋಫಾದ ಅಡಿಯಿಂದ ಬಂದು ಮ್ಯಾನೇಜರಿಗೆ ಕಾಲೆತ್ತಿ ಅಂತ ಹೇಳಿದ ಮನುಷ್ಯ ನಿಜ್ವಾದಲ್ಲಿ ಯಾರ ಹಿತ್ತಿಲನ್ನೂ ಬಿಡುವುದಿಲ್ಲ.”

“ಸರ್, ನಿಜ್ವಾಗೆ ಇಲ್ಲಿಂದ ಒಂದೂವರೆ ಗಂಟೆ ದಾರಿ...”

“ಅದಕ್ಕೇ ಬೆಳಿಗ್ಗೆ ಆರಕ್ಕೇ ಹೊರಡಿ. ಬಿಸಿಲು ಏರುವ ಮೊದಲು ಮುಟ್ಟಬಹುದು.”

“ಇಲ್ಲಿ ನೆಟ್ ನೋಡಿಕೊಳ್ಳೋಕೆ ಯಾರಾದ್ರೂ ಬೇಕಲ್ಲ ಸರ್?” ದೊರೆಸ್ವಾಮಿ ಕೊನೆಯ ದಾರ ಹಿಡಿದರು.

“ನಾನಿದ್ದೇನಲ್ಲ!” ಎಂದು ಕ್ಯಾಸ್ಮಿರ್ ಜೇಬಿನ ಟೆಸ್ಟರ್ ಸರಿಮಾಡಿಕೊಂಡು ಮುಂದೆ ಬಂದ. ಆದಂ ಅವನನ್ನು ಮೇಲಿಂದ ಕೆಳಗೆ ನೋಡಿ, ಸದ್ಯಕ್ಕೆ ಮಧ್ಯಾಹ್ನದ ಊಟ ಮಾತ್ರ ಕೊಡಬಹುದು ಎಂದರು. ಈ ಮನೆಯ ಸಾರು ಚೆನ್ನಾಗಿರುತ್ತದೆ, ಅಷ್ಟು ಸಾಕು ಎಂದು ಕ್ಯಾಸ್ಮಿರ್ ಒಪ್ಪಿಕೊಂಡ.

ಆದಂ ಕಾಫಿ ಮುಗಿಸಿ ಎಲ್ಲರ ಕೈ ಕುಲುಕಿ ಹೊರಟರು. ಬಾಗಿಲ ತನಕ ಹೋದವರು ಏನೋ ನೆನಪಾಗಿ ತಿರುಗಿದರು.

“ಮತ್ತೆ ದೊರೆಸ್ವಾಮಿ, ಆ ಬಡಾವಣೆಯಲ್ಲಿ ನಮಗೆ ನೆಟ್ ಗಿಟ್ ಏನೂ ಇಲ್ಲ. ಏನು ಬೇಕಿದ್ರೂ ಆಫೀಸಿಗೆ ಫೋನ್ ಮಾಡಿ ಕೇಳಿ.”

“ಆಫೀಸಿನ ನಂಬರು ಬದಲಾಯ್ತಾ ಸರ್?”

“ಹೌದು, ಇವತ್ತಿನಿಂದ. ಬರ್ಕೊಳ್ಳಿ,” ಎಂದು ಆದಂ ನಿಧಾನವಾಗಿ, ಒಂದೊಂದೇ ಅಂಕಿ ಬಿಡಿಸಿ, ದೊರೆಸ್ವಾಮಿಯ ಮನೆಯ ನಂಬರನ್ನೇ ಹೇಳತೊಡಗಿದರು.